ಬೈಗುಳ ನುಂಗಿದ ಅತ್ತೆ

ದೇವದುರ್ಗದ ಬಸ್ಸಿನ ಕಂಡಕ್ಟರ್ ಅಲ್ಲಾಉದ್ದೀನ್ ಅಂದು ಮಾನ್ವಿಯಲ್ಲಿ ಇಳಿದವನು ಚಹಾದ ಅಂಗಡಿಗೆ ಹೋಗಲಿಲ್ಲ. ನೇರವಾಗಿ ವಾಹಿದಾಳ ಮನೆಯ ಬಾಗಿಲಿಗೆ ಬಂದು ನಿಂತ. ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದ ವಾಹಿದಾ ಮೊರ ಕೆಳಗಿಟ್ಟಳು.

"ಆಪಾ, ನಿಮ್ಮ ಅತ್ತಿ ಹೋದ್ಲಂತ್ರಿ," ಎಂದ ಅವನು. "ನಸುಕಿನ್ಯಾಗ, ನಿದ್ದಿಯೊಳಗ. ಇವತ್ತ ಸಂಜಿಗೆ ಮಣ್ಣು."

ವಾಹಿದಾಳ ಸ್ವಂತ ಅತ್ತೆ ಒಳಗೆ ಗಟ್ಟಿಮುಟ್ಟಾಗಿ ಕುಳಿತು ಎಲೆ ಅಡಿಕೆ ಜಗಿಯುತ್ತಿದ್ದಳು. "ಯಾರಲೇ ಅದು? ನಾ ಇನ್ನೂ ಇಲ್ಲೇ ಕುಂತೀನಿ," ಎಂದು ಅಲ್ಲಿಂದಲೇ ಕೂಗಿದಳು.

ವಾಹಿದಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮೊದಲು ಬಂದದ್ದು ನಗು. ಅದರ ಬೆನ್ನಿಗೇ ಅಳು ಬಂತು. ಆ ಸೀಮೆಯಲ್ಲಿ ವಾಹಿದಾಳ ಅತ್ತೆ ಎಂದರೆ ಟೀವಿಯ ಗುರವ್ವ, ಎಂದರೆ ದೇವದುರ್ಗದ ಹಂಪಮ್ಮ ಎಂಬುದು ಯಾರಿಗೂ ಬಿಡಿಸಿ ಹೇಳಬೇಕಾದ ಮಾತಾಗಿರಲಿಲ್ಲ. ಅದು ೧೯೮೭ರ ಶ್ರಾವಣ ಸೋಮವಾರ. ವಾಹಿದಾ ಅದೇ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ದೇವದುರ್ಗಕ್ಕೆ ಹೊರಟಳು. ದಾರಿಯುದ್ದಕ್ಕೂ ಹಳೆಯದೆಲ್ಲ ಕಣ್ಣ ಮುಂದೆ ಬಂತು.

ಹಂಪಮ್ಮ ಚಿಕ್ಕಂದಿನಲ್ಲೇ ನಾಟಕ ಕಂಪನಿ ಸೇರಿದವಳು. ಬೆಳಿಗ್ಗೆ ಲಿಂಗಪೂಜೆ ಆಗದೆ ಗುಟುಕು ನೀರು ಮುಟ್ಟುತ್ತಿರಲಿಲ್ಲ. ಸಂಜೆ ಜಗಳಗಂಟಿಯ ಪಾತ್ರದಲ್ಲಿ ಬಾಯಿ ತೆರೆದಳೆಂದರೆ ಡೇರೆಯ ಕಟ್ಟಕಡೆಯ ಚಾಪೆಯಲ್ಲಿ ತೂಕಡಿಸುವವನೂ ಎದ್ದು ಕೂರಬೇಕು, ಅಂಥ ಗಂಟಲು. ಮಾನ್ವಿಯ ಪೀರಾ ಸಾಬರ ಮಗಳು ವಾಹಿದಾ ಅದೇ ಕಂಪನಿಯಲ್ಲಿದ್ದ ಎಳೆಯ ಹುಡುಗಿ. ಕಂಪನಿ ಮುಚ್ಚಿದ ಮೇಲೆ ಇಬ್ಬರೂ ರಾಯಚೂರಿನಲ್ಲಿ ಒಂದು ಬಾಡಿಗೆ ಮನೆ ಹಿಡಿದರು. ಕೆಲಸ ಸಿಗದಿದ್ದರೆ ಊರಿಗೆ ಬಂದು ಬೀಡಿ ಕಟ್ಟಲು ಕೂಡಬೇಕೆಂದು ಪೀರಾ ಸಾಬರು ಮಗಳಿಗೆ ಖಡಾಖಂಡಿತವಾಗಿ ಹೇಳಿ ಕಳಿಸಿದ್ದರು.

ಅಷ್ಟರಲ್ಲಿ ಟೀವಿ ಬಂತು. ೧೯೭೫ನೆಯ ಇಸವಿ. ಬೆಂಗಳೂರಿನಲ್ಲಿಯೂ ಇನ್ನೂ ಟೀವಿ ಇರದಿದ್ದ ಕಾಲದಲ್ಲಿ ರಾಯಚೂರು ಸೀಮೆಯ ಹಳ್ಳಿಗಳಿಗೆ ಅದು ಉಪಗ್ರಹದ ಮೂಲಕ ಆಕಾಶದಿಂದ ಇಳಿಯಿತು. ಸಾಲೆಯ ಮಾಳಿಗೆಯ ಮೇಲೆ ತಂತಿ ಬಲೆಯ ದೊಡ್ಡ ಬುಟ್ಟಿ, ಒಳಗೆ ಬೀಗ ಹಾಕಿದ ಪೆಟ್ಟಿಗೆ. ಸಂಜೆ ಬೀಗ ತೆಗೆದರೆ ಬೀಜದ ಮಾತು, ಗೊಬ್ಬರದ ಮಾತು, ದನದ ಬೇನೆಯ ಮಾತು. ಕಡೆಗೆ ಸ್ವಲ್ಪ ಹೊತ್ತು ಅತ್ತೆ ಸೊಸೆಯ ಪ್ರಸಂಗ. ಬಸುರಿ ಹೆಂಗಸಿಗೆ ಹಾಲು, ಸೊಪ್ಪು ಕೊಡಬೇಕೆಂಬುದು ಅದರ ತಿರುಳು. ಹಂಪಮ್ಮ ಅದನ್ನು ಕೊಡದ ಅತ್ತೆ ಗುರವ್ವ, ವಾಹಿದಾ ಹೊಟ್ಟೆಗೆ ದಿಂಬು ಕಟ್ಟಿಕೊಂಡ ಸೊಸೆ. ಆಗಾಗ ರೈಲು ಹತ್ತಿ ಹೈದರಾಬಾದಿನ ಸ್ಟುಡಿಯೋಕ್ಕೆ ಹೋಗಿ ಇಬ್ಬರೂ ಪ್ರಸಂಗ ಆಡಿ ಬರುತ್ತಿದ್ದರು. ವಾಹಿದಾಳ ಅನ್ನ ಆ ಪ್ರಸಂಗದ ಮೇಲೆ ನಿಂತಿತ್ತು.

ಹಳ್ಳಿಯ ಜನಕ್ಕೆ ನಾಟಕ ಗೊತ್ತಿರಲಿಲ್ಲವೆಂದಲ್ಲ. ನಾಟಕವೆಂದರೆ ಪರದೆ ಇರುತ್ತದೆ, ಬಣ್ಣ ಇರುತ್ತದೆ, ಹಾರ್ಮೋನಿಯಂ ಮಾಸ್ತರರ ಹಾಡು ಇರುತ್ತದೆ. ಇಲ್ಲಿ ಅದೊಂದೂ ಇಲ್ಲ. ನಿಜವಾದ ಒಲೆ, ನಿಜವಾದ ಹೊಗೆ. ಮೇಲಾಗಿ ಸರ್ಕಾರದ ಪೆಟ್ಟಿಗೆ. ಅದು ಹೇಳಿದ ಬೀಜ ಮೊಳೆತಿತ್ತು, ಅದು ಹೇಳಿದ ಔಷಧಕ್ಕೆ ಎತ್ತಿನ ಬೇನೆ ವಾಸಿಯಾಗಿತ್ತು. ಹಾಗಿರುವಾಗ ಗುರವ್ವನೊಬ್ಬಳು ಮಾತ್ರ ಸುಳ್ಳು ಹೇಗಾದಾಳು?

ಹಿರೇಕೊಟ್ನೆಕಲ್ಲಿನ ಮೌನಪ್ಪ ಭತ್ತ ಮಾರಲು ರಾಯಚೂರಿಗೆ ಹೋದಾಗ ಕಾಯಿಪಲ್ಲೆ ಸಂತೆಯಲ್ಲಿ ಹಂಪಮ್ಮನನ್ನು ಕಣ್ಣಾರೆ ಕಂಡ. ಆಕೆ ಬದನೆಕಾಯಿ ಮಾರುವವಳೊಂದಿಗೆ ಜಗಳ ಆಡುತ್ತಿದ್ದಳು. ಪಕ್ಕದಲ್ಲಿ ಹೊಟ್ಟೆಗೆ ಚೀಲ ಅಪ್ಪಿಕೊಂಡು ಸೊಸೆ ನಿಂತಿದ್ದಳು. ಅವನಿಗೆ ಇನ್ನೇನು ಬೇಕು? ಹಿಂದೆಯೇ ಹೋಗಿ ಮನೆ ಗುರುತು ಮಾಡಿಕೊಂಡು ಊರಿಗೆ ಬಂದ. ಅಂದು ಕಟ್ಟೆಯ ಮೇಲೆ ಮಾತಾಯಿತು. ಬಸುರಿ ಹುಡುಗಿಯ ಗೋಳು ದಿನಾ ನೋಡಿಕೊಂಡು ಸುಮ್ಮನೆ ಕೂಡುವುದು ಧರ್ಮವಲ್ಲ ಎಂದು ಹಿರಿಯರು ತೀರ್ಮಾನಿಸಿದರು.

ಹೀಗೆ ಒಂದು ಮುಂಜಾನೆ ಊರ ಹಿರಿಯರಾದ ವಿರೂಪಣ್ಣ, ಅವರ ಹೆಂಡತಿ ಅಮರಮ್ಮ, ಮೌನಪ್ಪ ಮೂವರೂ ಬಸ್ಸಿನ ಧೂಳು ಹೊತ್ತು ರಾಯಚೂರಿನ ಆ ಬಾಗಿಲಲ್ಲಿ ಬಂದು ನಿಂತರು. ಅಮರಮ್ಮನ ಕಂಕುಳಲ್ಲಿ ಒಂದು ಗಂಟು, ಕೈಯಲ್ಲಿ ತುಪ್ಪದ ಗಡಿಗೆ.

"ಗುರವ್ವ ಅಂದ್ರ ನೀನಾ ಅಲ್ಲೇನವ್ವ?" ವಿರೂಪಣ್ಣ ಕೇಳಿದರು. "ನಾವು ಹಿರೇಕೊಟ್ನೆಕಲ್‌ನವರು. ನಿನ್ನ ಸೊಸಿ ಸಲುವಾಗಿ ಬಂದೀವಿ."

ಹಂಪಮ್ಮ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಹೌದ್ರೀ ಯಪ್ಪಾ, ನಾನಾ. ಒಳಗ ಬರ್ರಿ, ನೀರು ತರ್ತೀನಿ," ಎಂದು ಅಡುಗೆಮನೆಗೆ ನುಗ್ಗಿದಳು.

ವಾಹಿದಾ ಬಾಗಿಲ ಸಂದಿಯಲ್ಲಿ ನಗು ತಡೆದುಕೊಂಡು ನಿಂತಿದ್ದಳು.

"ದಿಂಬು ಕಟ್ಟಿಕೊ," ಎಂದಳು ಹಂಪಮ್ಮ ಪಿಸುದನಿಯಲ್ಲಿ.

"ಹುಚ್ಚು ಹಿಡದದೇನು ಯಕ್ಕಾ? ನಾಟಕ ಅಂತ ಹೇಳಿ ಕಳಸೂಣು."

"ಗುರುತಿಲ್ಲದ ಹುಡುಗಿ ಸಲುವಾಗಿ ಸುಗ್ಗಿ ಬಿಟ್ಟು ಬಂದಾರ. ನಾಟಕ ಅಂದ್ರ ಊರಾಗ ಹ್ಯಾಂಗ ತಲಿ ಎತ್ತಬೇಕು ಅವರು? ಕಟ್ಟಿಕೊ ಬೇ, ಲಗೂನ."

ನ್ಯಾಯ ಕೂಡಿತು. ವಾಹಿದಾ ದಿಂಬು ಹೊತ್ತು, ತಲೆ ತಗ್ಗಿಸಿ ಗೋಡೆಗೆ ಒರಗಿ ಕುಳಿತಳು.

"ಬೆಕ್ಕಿಗೆ ಹಾಲು ಹಾಕಿದಿ, ಸೊಸಿಗೆ ಕೊಡಲಿಲ್ಲ. ಹೌದೋ ಅಲ್ಲೋ?" ಎಂದರು ವಿರೂಪಣ್ಣ.

"ಹಾಲು ಒಡದಿತ್ರೀ."

"ಸುಳ್ಳು," ಎಂದ ಮೌನಪ್ಪ. "ಒಡದಿರಲಿಲ್ಲ. ನಾ ಮುಂದ ಕುಂತಿದ್ದೆ."

"ಸಂತ್ಯಾಗ ಇಕಿ ಕೈಲೆ ಚೀಲ ಹೊರಿಸಿದ್ದಿ," ಎಂದರು ವಿರೂಪಣ್ಣ.

"ಹಗುರಿತ್ರೀ, ಬರೇ ಮೆಂತ್ಯಪಲ್ಲೆ."

"ಕುಂಬಳಕಾಯಿ ಇತ್ತು," ಎಂದ ಮೌನಪ್ಪ.

"ನಿನ್ನ ಮಗ ಎಲ್ಲಿ? ಅವನ್ನ ಕರಿ."

"ಜಗಳ ಆದಾಗ ಅವ ಎಂದರ ಮನ್ಯಾಗ ಇದ್ದಾನೇನ್ರೀ?"

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಅದೂ ಖರೇನ," ಎಂದರು ವಿರೂಪಣ್ಣ. "ಎದ್ದು ಹೊರಗ ಹೋಗೂದು ನಾವೂ ನೋಡೀವಿ." ಆಮೇಲೆ ವಾಹಿದಾಳ ಕಡೆ ತಿರುಗಿದರು. "ನಿನ್ನ ತವರುಮನಿ ಯಾವುದವ್ವ? ಯಾರ ಮಗಳು?"

ವಾಹಿದಾಳ ಬಾಯಿಗೆ ಸುಳ್ಳು ಹೊಳೆಯಲಿಲ್ಲ. "ಮಾನ್ವಿರೀ. ಪೀರಾ ಸಾಬರ ಮಗಳು."

ವಿರೂಪಣ್ಣ ಮೀಸೆ ಸವರಿಕೊಂಡರು. "ಆಗ್ಲಿ. ಮನಿ ತುಂಬಿಸಿಕೊಂಡಮ್ಯಾಗ ಮುಗೀತು. ಬ್ಯಾರೆ ಮಂದ್ಯಾಗಿಂದ ಬಂದ ಹುಡುಗಿ ಅಂದ್ರ ಒಂದು ಕೈ ಹೆಚ್ಚಿಗಿ ನೋಡ್ಕೋಬೇಕು, ಗುರವ್ವ. ನೀ ಉಲ್ಟಾ ಮಾಡಾಕತ್ತೀದಿ."

ಅಮರಮ್ಮ ಗಂಟು ಬಿಚ್ಚಿದಳು. ಊರ ಹೆಂಗಸರು ಬಸುರಿಗೆಂದು ಸೀಮಂತದ ಕುಬಸ ಕಳಿಸಿದ್ದರು. ಹಸಿರು ರವಿಕೆ ಕಣ, ಕೊಬ್ಬರಿ, ಅರಿಷಿಣದ ಕೊನೆ, ಅಕ್ಕಿ. ಉಡಿ ತುಂಬುವಾಗ ಆಕೆಯ ಕೈ ವಾಹಿದಾಳ ಹೊಟ್ಟೆಗೆ ತಾಗಿತು. ಕೈ ಅಲ್ಲೇ ನಿಂತಿತು. ಅಮರಮ್ಮ ಒಮ್ಮೆ ಮೆಲ್ಲಗೆ ಒತ್ತಿ ನೋಡಿದಳು. ವಾಹಿದಾಳ ಮುಖ ನೋಡಿದಳು, ಹಂಪಮ್ಮನ ಮುಖ ನೋಡಿದಳು, ಕಡೆಗೆ ರುಮಾಲು ಸುತ್ತಿ ನ್ಯಾಯಕ್ಕೆ ಕುಳಿತ ಗಂಡನ ಮುಖ ನೋಡಿದಳು.

"ಭಾಳ ಮೆತ್ತಗಿನ ಕೂಸವ್ವ ಇದು," ಎಂದಳು. ಗಂಡನಿಗೆ, "ಲಗೂನ ಮುಗಸ್ರಿ. ಹುಡುಗಿ ಭಾಳ ಹೊತ್ತು ಹಿಂಗ ಕೂಡಬಾರದು," ಎಂದಳು.

ವಿರೂಪಣ್ಣ ತೀರ್ಪು ಹೇಳಿದರು. ಸೊಸೆಗೆ ಹಾಲು ತುಪ್ಪ ಹೊಟ್ಟೆ ತುಂಬ ಕೊಡಬೇಕು, ಕೆಟ್ಟ ಮಾತು ಆಡಬಾರದು. ಚೀಲದಿಂದ ವಿಭೂತಿ ತೆಗೆದು ಹಂಪಮ್ಮನ ಹಣೆಗೆ ಬಳಿದರು. ಹಂಪಮ್ಮ ಅವರ ಪಾದ ಮುಟ್ಟಿ, "ಶಿವನ ಸಾಕ್ಷಿ, ಇನ್ನ ಸೊಸಿಗೆ ಬೈಯೂದಿಲ್ರೀ ಯಪ್ಪಾ," ಎಂದು ಮಾತು ಕೊಟ್ಟಳು.

ಅವರು ಬೀದಿ ದಾಟುವವರೆಗೆ ತಡೆದು, ವಾಹಿದಾ ನೆಲದ ಮೇಲೆ ಉರುಳಾಡಿ ನಕ್ಕಳು. ಹಂಪಮ್ಮ ನಗಲಿಲ್ಲ.

"ಮುಂದಿನ ಪ್ರಸಂಗದಾಗ ಹ್ಯಾಂಗ ಬೈಲಿ ಈಗ?"

"ಯಕ್ಕಾ, ಮಾತು ಕೊಟ್ಟಾಕಿ ಗುರವ್ವ. ನೀ ಅಲ್ಲ."

"ವಿಭೂತಿ ಹಚ್ಚಿದ್ದು ಯಾರ ಹಣಿಗೆ ಬೇ? ಗುರವ್ವಗ ಹಣಿ ಎಲ್ಲಿ ಅದ?"

ವಾಹಿದಾಳ ನಗು ಅಲ್ಲಿಗೆ ನಿಂತಿತು.

ಹೈದರಾಬಾದಿನ ನಿರ್ದೇಶಕರಿಗೆ ಹಂಪಮ್ಮನ ಮೇಲೆ ಮೊದಲೇ ಅಸಮಾಧಾನವಿತ್ತು. ಇದು ಡೇರೆಯಲ್ಲ, ಮೈಕು ಇದೆ, ಮೆಲ್ಲಗೆ ಮಾತಾಡಿ ಎಂದು ಎಷ್ಟು ಸಲ ಹೇಳಿದರೂ ಆಕೆಯ ಗಂಟಲು ಇಳಿಯುತ್ತಿರಲಿಲ್ಲ. ಈ ಸಲ ಸೊಸೆ ಹಾಲಿನ ಲೋಟ ಬೀಳಿಸುತ್ತಾಳೆ, ಅತ್ತೆ ಒಂದು ಪುಟದಷ್ಟು ಬೈಯುತ್ತಾಳೆ ಎಂದು ಬರೆದಿತ್ತು. ಹಂಪಮ್ಮ ಕೈಮುಗಿದು, ಬೈಯುವುದಿಲ್ಲ ಎಂದಳು. ಕಾರಣ ಕೇಳಿ ನಿರ್ದೇಶಕರು ಮೊದಲು ನಕ್ಕರು, ಆಮೇಲೆ ಕೆಂಡವಾದರು.

"ಬೈಯದ ಅತ್ತೆಯನ್ನು ಯಾರಮ್ಮ ನೋಡುತ್ತಾರೆ? ಬೈಯಿರಿ, ಇಲ್ಲವೇ ಸಂಜೆಯ ರೈಲಿಗೆ ಇಬ್ಬರೂ ಹೊರಡಿ."

ವಾಹಿದಾ ಆಕೆಯನ್ನು ಮೂಲೆಗೆ ಎಳೆದೊಯ್ದಳು. "ನಿನ್ನ ಮಾತು ಉಳೀಬೇಕಂತ ನನ್ನ ಅನ್ನ ಹೋಗಬೇಕೇನು ಯಕ್ಕಾ? ನಾ ಬೀಡಿ ಕಟ್ಟಾಕ ಕೂಡ್ಲಾ?"

ಹಂಪಮ್ಮ ಕಣ್ಣು ಮುಚ್ಚಿ ನಿಂತಳು. ಆಮೇಲೆ ನಿರ್ದೇಶಕರ ಮುಂದೆ ಹೋಗಿ, "ಒಂದು ಸಲ ಕ್ಯಾಮೆರಾ ಹಚ್ರಿ ಸಾಹೇಬ್ರ. ಸರಿ ಬರಲಿಲ್ಲಂದ್ರ ನಾ ಒಬ್ಬಾಕಿ ಹೋಗ್ತೀನಿ. ಹುಡುಗೀನ ಇಟ್ಕೋರಿ," ಎಂದಳು.

ಕ್ಯಾಮೆರಾ ಹಚ್ಚಿದರು. ವಾಹಿದಾ ಲೋಟ ಬೀಳಿಸಿದಳು. ಹಂಪಮ್ಮ ಬಾಯಿ ತೆರೆದಳು. ಬೈಗುಳ ಗಂಟಲಿಗೆ ಬಂದದ್ದು ಅಲ್ಲಿದ್ದವರಿಗೆಲ್ಲ ಕಂಡಿತು. ಬಾಯಿ ಗಪ್ಪನೆ ಮುಚ್ಚಿತು. ಮುಚ್ಚಿದ ಬಾಯೊಳಗೆ ಬೈಗುಳ ಈ ಕೆನ್ನೆಯಿಂದ ಆ ಕೆನ್ನೆಗೆ ಓಡಾಡಿತು, ಮೂಗಿನ ಹೊಳ್ಳೆ ಅರಳಿಸಿತು, ಹುಬ್ಬನ್ನು ಹಣೆಗೆ ಏರಿಸಿತು, ಎಲ್ಲೂ ದಾರಿ ಕಾಣದೆ ಕಡೆಗೆ ಸುಡುವ ಕಡುಬಿನಂತೆ ಗುಟುಕ್ಕೆಂದು ಒಳಗಿಳಿಯಿತು. ಕಣ್ಣಲ್ಲಿ ನೀರೇ ಬಂತು. ಆಮೇಲೆ ಬೆಣ್ಣೆಯಂಥ ದನಿಯಲ್ಲಿ ಆಕೆ, "ಹೋಗ್ಲಿ ಬಿಡವ್ವ. ಇನ್ನೊಂದು ಲೋಟ ಹಾಲು ತರ್ಲೇನು?" ಎಂದಳು.

ಕ್ಯಾಮೆರಾದವನು ತಾನಾಗಿಯೇ ಆಕೆಯ ಮುಖದ ಹತ್ತಿರ ಹೋಗಿದ್ದ. ಕರವಸ್ತ್ರ ಬಾಯಿಗೆ ತುರುಕಿಕೊಂಡು ನಿಂತಿದ್ದ. ನಿರ್ದೇಶಕರು ಕುರ್ಚಿಯಲ್ಲಿ ಕುಳಿತು ಕನ್ನಡಕ ಒರೆಸಿಕೊಂಡರು. "ರೈಲಿನ ಮಾತು ಬಿಡಿ," ಎಂದರು. "ಇಷ್ಟು ದಿನ ಈ ಮುಖ ಎಲ್ಲಿಟ್ಟಿದ್ದಿರಿ?"

ಡೇರೆಯಲ್ಲಿ ಮುಖ ಯಾರಿಗೂ ಕಾಣುತ್ತಿರಲಿಲ್ಲ. ಅಲ್ಲಿ ಗಂಟಲೇ ಎಲ್ಲ. ಮುಖವೂ ಒಂದು ಬಾಯಿ ಎಂಬುದು ಹಂಪಮ್ಮನಿಗೆ ಅಂದು ತಿಳಿಯಿತು. ಗುರವ್ವ ಮತ್ತೆಂದೂ ಬೈಯಲಿಲ್ಲ. ಆಕೆ ಬೈಗುಳ ನುಂಗುವುದನ್ನು ನೋಡಲು ಜನ ಬೇಗ ಉಂಡು ಬಂದು ಸಾಲೆಯ ಅಂಗಳದಲ್ಲಿ ಜಾಗ ಹಿಡಿಯುತ್ತಿದ್ದರು. ವರುಷ ತುಂಬಿ ಉಪಗ್ರಹದ ಗಡುವು ಮುಗಿದಾಗ ಹಳ್ಳಿಯ ಪೆಟ್ಟಿಗೆಗಳು ಸುಮ್ಮನಾದವು. ಮುಂದೆ ಗುಲಬರ್ಗಾದಲ್ಲಿ ಟೀವಿ ಕೇಂದ್ರವಾದಾಗ ಆಕೆಗೆ ಮತ್ತೆ ಕರೆ ಬಂತು. ಹಠಮಾರಿ ಅಜ್ಜಿ, ಕಿವುಡಿ ನೆರೆಯವಳು, ಜಿಪುಣಿ ಸಾಹುಕಾರ್ತಿ, ಎಷ್ಟೋ ವೇಷ. ವಾಹಿದಾ ಮದುವೆಯಾಗಿ ಮಾನ್ವಿ ಸೇರುವವರೆಗೆ ಪ್ರತಿಯೊಂದರಲ್ಲೂ ಜೊತೆಗಿದ್ದಳು.

ಬಸ್ಸು ದೇವದುರ್ಗ ಮುಟ್ಟಿತು. ಹಂಪಮ್ಮನನ್ನು ಹಣೆ ತುಂಬ ವಿಭೂತಿ ಬಳಿದು, ಹೂವಿನ ನಡುವೆ ಕೂಡ್ರಿಸಿದ್ದರು. ಭಜನೆ ನಡೆದಿತ್ತು. ಮಣ್ಣಿಗೆ ಬಂದ ಜನ ಅಂಗಳ ಮೀರಿ ಬೀದಿಗೆ ಇಳಿದಿತ್ತು. ಭಜನೆ ನಿಂತಾಗಲೆಲ್ಲ ಯಾರಾದರೊಬ್ಬರು ಒಂದು ಪ್ರಸಂಗ ನೆನೆಸುವರು, ಸುತ್ತಲಿನವರು ನಗುವರು, ನಕ್ಕು ಕಣ್ಣೊರೆಸಿಕೊಳ್ಳುವರು. ಹಿರೇಕೊಟ್ನೆಕಲ್ಲಿನಿಂದ ವಿರೂಪಣ್ಣನೂ ಬಂದಿದ್ದರು. ಈಗ ಬಹಳ ಮುದುಕರು. ಮೌನಪ್ಪನ ಹೆಗಲು ಹಿಡಿದು ನಡೆಯುತ್ತಿದ್ದರು.

ಅವರು ವಾಹಿದಾಳನ್ನು ಗುರುತು ಹಿಡಿದು ಹತ್ತಿರ ಕರೆದರು. "ಕೊಟ್ಟ ಮಾತು ಉಳಿಸಿದ್ಲೇನವ್ವ ಕಡೀತನಕ? ಟೀವ್ಯಾಗಿಂದು ಬಿಡು, ಅದು ನಾಟಕ ಅಂತ ನನಗೂ ಆಮ್ಯಾಗ ತಿಳೀತು. ಮನ್ಯಾಗ?"

"ಮನ್ಯಾಗೂ ಒಂದು ದಿನ ಬೈಲಿಲ್ರೀ ಯಪ್ಪಾ. ನೋಡಾಕ ಬಂದಾಗ ಗುಳಿಗಿ ನುಂಗವಲ್ಲಳು ಅಂತ ನಾನಾ ಬೈತಿದ್ದೆ."

ವಿರೂಪಣ್ಣ ತಲೆಯಾಡಿಸಿದರು. ಸಂಜೆ ಸಮಾಧಿಯಲ್ಲಿ ಇಳಿಸಿದ ಮೇಲೆ ಸ್ವಾಮಿಗಳು ಮಂತ್ರ ಹೇಳಿದರು. ಮೊದಲ ಹಿಡಿ ಮಣ್ಣು ಯಾರು ಹಾಕಬೇಕೆಂದು ಜನ ಅತ್ತಿತ್ತ ನೋಡುವಾಗ, ವಿರೂಪಣ್ಣ ವಾಹಿದಾಳ ಬೆನ್ನ ಮೇಲೆ ಕೈಯಿಟ್ಟು ಮುಂದೆ ಕಳಿಸಿದರು. ಯಾರೂ ಬೇಡವೆನ್ನಲಿಲ್ಲ. ಆಕೆ ಮಣ್ಣು ಹಾಕಿ, ಎರಡೂ ಅಂಗೈ ಮೇಲೆ ಮಾಡಿ ತನ್ನ ದೇವರನ್ನು ಬೇಡಿಕೊಂಡಳು. ಪಕ್ಕದಲ್ಲಿ ಆ ಮುದುಕರು ಕಣ್ಣು ಮುಚ್ಚಿ ನಡುಗುವ ದನಿಯಲ್ಲಿ ಹೇಳಿದರು:

"ಶಿವನೇ, ಈ ತಾಯಿ ದಣದು ನಿನ್ನ ಬಾಗಿಲಿಗೆ ಬಂದಾಳ. ಮಂದಿ ಮನಸ್ಸು ಹಗುರ ಮಾಡಿದಾಕಿ. ಆಕಿ ತಪ್ಪು ಏನರ ಇದ್ರ ಹೊಟ್ಟ್ಯಾಗ ಹಾಕ್ಕೋ. ನಿನ್ನ ಪಾದದ ನೆರಳಾಗ ಕೂಡ್ಸಿಕೋ. ಆ ಜೀವಕ್ಕ ಶಾಂತಿ ಕೊಡು, ನನ್ನಪ್ಪಾ, ಶಾಂತಿ ಕೊಡು."