ಬಲಮೂಲೆಯ ಗಿಡ

ನಾನು ಒಂದು ಬಿಳಿ ಬೋರ್ಡು. ಕಾರ್ಖಾನೆಯಲ್ಲಿ ಹುಟ್ಟಿದಾಗ ಎಷ್ಟು ಬೆಳ್ಳಗಿದ್ದೆನೆಂದರೆ, ನನ್ನನ್ನು ನೋಡಿದ ಹುಣ್ಣಿಮೆ ಚಂದ್ರ ಮೋಡ ಹೊದ್ದು ಮಲಗಿಬಿಟ್ಟ. ಮೈಸೂರಿನ ಸಾಫ್ಟ್‌ವೇರ್ ಕಂಪನಿಯೊಂದರ ಗೋಡೆ ಸೇರಿದ ಮೇಲೆ ಒಂದು ಗಳಿಗೆ ನೆಮ್ಮದಿಯಿಲ್ಲ. ಬರೆಯುವುದು, ಒರೆಸುವುದು, ಮತ್ತೆ ಬರೆಯುವುದು. ನನ್ನ ಮೈಮೇಲೆ ಎಳೆದ ಗೆರೆಗಳನ್ನು ಗಂಟು ಹಾಕಿದರೆ ಚಾಮುಂಡಿ ಬೆಟ್ಟವನ್ನೇ ಕಟ್ಟಿ ಎಳೆದು ತರಬಹುದು.

ಆಗ ಕಂಪನಿಯವರು ಆಂಬುಲೆನ್ಸ್ ಕರೆಯುವ ಆ್ಯಪ್ ಮಾಡುತ್ತಿದ್ದರು. ಮುಖ್ಯಸ್ಥ ಪುಟ್ಟಮಾದಪ್ಪನವರದು ಎಂಥ ಹೊಟ್ಟೆಯೆಂದರೆ, ಮುಂದೆ ನಿಂತರೆ ನನಗೆ ಗ್ರಹಣ. ಒತ್ತಿದರೆ ಗಾಡಿ ಬರಬೇಕು, ಅಷ್ಟು ಸಾಕು ಎನ್ನುವುದು ಅವರ ವಾದ. ಆ್ಯಪಿನ ವಿನ್ಯಾಸ ಮಾಡುವ ಮಂಜರಿ ಒಪ್ಪಲಿಲ್ಲ.

“ಸೊಸೆ ಅಡುಗೆ ಮಾಡ್ತಾಳೆ ಅಂದ್ರೆ ಆಯ್ತಾ ಸಾರ್? ಎಷ್ಟು ಹೊತ್ತಿಗೆ, ಎಷ್ಟು ಜನಕ್ಕೆ, ಮಧ್ಯದಲ್ಲಿ ಗ್ಯಾಸ್ ಮುಗಿದ್ರೆ ಏನ್ ಕತೆ, ಅದೂ ಬೇಕಲ್ವಾ?”

ನನ್ನ ಬಲಮೂಲೆಯಲ್ಲಿ ಗಿಡದಂಥ ಚಿತ್ರ ಬರೆದಳು. ಬೇಗ ಬರಬೇಕು ಎಂಬುದೊಂದು ಕೊಂಬೆ, ಕೆಟ್ಟು ನಿಲ್ಲಬಾರದು ಎಂಬುದೊಂದು, ರೋಗಿಯ ವಿವರ ಕಂಡವರ ಕೈಗೆ ಸಿಗಬಾರದು ಎಂಬುದೊಂದು. ಬೇಗಕ್ಕೂ ಭದ್ರತೆಗೂ ಜಗಳವೆಂದು ನಡುವೆ ಕೆಂಪು ಬಾಣ ಎಳೆದಳು. ಕೆಳಗೆ ತೀರ್ಮಾನ ಬರೆದಳು: ಮೊದಲು ಗಾಡಿ, ಆಮೇಲೆ ಪಾಸ್‌ವರ್ಡ್.

ಅಷ್ಟರಲ್ಲಿ ಆಯುಧಪೂಜೆ ಬಂತು. ಮಂಜರಿ ರಜೆಯಲ್ಲಿದ್ದಳು. ಕಂಪ್ಯೂಟರುಗಳಿಗೆ ಹೂವಿಟ್ಟವರು ನನಗೂ ಸ್ನಾನವಾಗಲಿ ಎಂದು ಒರೆಸಿದರು. ಉಳಿದ ಚಿತ್ರಗಳ ಫೋಟೊ ಮೊದಲೇ ತೆಗೆದಿಟ್ಟಿದ್ದರು. ಮೂಲೆಯ ಗಿಡವನ್ನು ಯಾರೋ ಸುಮ್ಮನೆ ಗೀಚಿದ್ದೆಂದುಕೊಂಡರು. ಅದೇ ಜಾಗಕ್ಕೆ ಅರಿಶಿನ ಕುಂಕುಮ ಹಚ್ಚಿ ಕೈ ಮುಗಿದರು. ನನಗೆ ಬಾಯಿದ್ದಿದ್ದರೆ ಅರಮನೆಯ ಆನೆಗಳು ಬೆದರಿ ಓಡುವಂತೆ ಕೂಗುತ್ತಿದ್ದೆ. ಮರಳಿ ಬಂದ ಮಂಜರಿ ಕೇಳಿದ್ದಕ್ಕೆ, ಕೆಲಸ ಮುಂದೆ ಹೋಗಿದೆ, ಆಮೇಲೆ ನೋಡೋಣ ಎಂದರು ಪುಟ್ಟಮಾದಪ್ಪ.

ಆ್ಯಪ್ ತಯಾರಾದ ವಾರದಲ್ಲೇ ಅವರು ನನ್ನೆದುರು ಎದೆ ಹಿಡಿದುಕೊಂಡು ಕುಸಿದರು. ನಡುಗುವ ಬೆರಳಲ್ಲಿ ತಮ್ಮದೇ ಆ್ಯಪ್ ಒತ್ತಿದರು. ಅದು ಪಾಸ್‌ವರ್ಡ್ ಕೇಳಿತು. ತಪ್ಪು ಎಂದಿತು. ನೀವು ಯಂತ್ರವಲ್ಲವೆಂದು ತೋರಿಸಲು ಬಸ್ಸಿರುವ ಚಿತ್ರಗಳನ್ನು ಆರಿಸಿ ಎಂದಿತು. ಯಮನೂ ಅಷ್ಟು ವಿಚಾರಿಸುವುದಿಲ್ಲ. ಮಂಜರಿ ಆ ಫೋನು ಕಿತ್ತೆಸೆದು, ಅವರನ್ನು ಎಲ್ಲರ ಕೈಲಿ ಎತ್ತಿಸಿ ತನ್ನ ಕಾರಿನಲ್ಲೇ ಆಸ್ಪತ್ರೆಗೆ ಒಯ್ದಳು.

ಪುಟ್ಟಮಾದಪ್ಪ ಅರ್ಧದಷ್ಟಾಗಿ ಮರಳಿದರು. ನೇರ ನನ್ನ ಬಳಿ ಬಂದು, ಕೈಗೆ ಸಿಕ್ಕ ಮಾರ್ಕರನ್ನು ಮಂಜರಿಗೆ ಕೊಟ್ಟರು.

“ಆ ಗಿಡ ಇನ್ನೊಂದ್ಸಲ ಬರಿಯಮ್ಮ.”

ಅರ್ಧ ಬರೆದ ಮೇಲೆ ಅವಳು ಮಾರ್ಕರ್ ನೋಡಿದಳು. “ಸಾರ್, ಇದು ಅಳಿಸಕ್ಕಾಗಲ್ಲ.”

“ಯಾರ್ ಅಳಿಸ್ತಾರೆ? ಬರಿ.”

ಒರೆಸಲಾಗದ ಬೋರ್ಡು ಬರೆಯಲು ಬಾರದೆಂದು ಗೋಡೆಯಿಂದ ಇಳಿಸಿದರು. ಈಗ ನಾನು ಕ್ಯಾಂಟೀನಿನ ಹಿಂದೆ, ಕೈ ತೊಳೆಯುವ ಜಾಗಕ್ಕೆ ಮರೆಯಾಗಿ ಅಡ್ಡಡ್ಡ ನಿಂತಿದ್ದೇನೆ. ಮೈತುಂಬ ಸಾರಿನ ಕಲೆ. ಗಿಡ ಮಲಗಿದೆ, ಅಳಿಸಿಲ್ಲ. ಹೊರಗೆ ರಸ್ತೆಯಲ್ಲಿ ಆಂಬುಲೆನ್ಸ್ ಕೂಗಿದಾಗಲೆಲ್ಲ ನನಗೆ ನಿಂತಲ್ಲಿ ನಿಲ್ಲಲಾಗುವುದಿಲ್ಲ. ಕರೆದವರ ಬೆರಳು ಹೇಗೆ ನಡುಗಿತ್ತೋ. ಹೋಗಪ್ಪ, ಬೇಗ ಹೋಗು ಎನ್ನುತ್ತೇನೆ, ಹೆಸರು ಆಮೇಲೆ ಕೇಳುವೆಯಂತೆ.