ಮುಖಕ್ಕೊಂದು ಪಾಯ

“ನಗಬೇಡಿ ಆಂಟಿ, ಬಿರುಕು ಬಿಡುತ್ತೆ,” ಎಂದಳು ಕಂಪನಿಯ ಹುಡುಗಿ, ಒದ್ದೆ ಸ್ಪಂಜನ್ನು ಎಡಗೆನ್ನೆಗೆ ಒತ್ತುತ್ತ.

ಕೌಂಟರಕ್ಕ ನಕ್ಕಿರಲಿಲ್ಲ. ಅಂದರೆ, ಬೇಕೆಂದು ನಕ್ಕಿರಲಿಲ್ಲ. ಎದುರಿಗೆ ಯಾರೋ ಬುಟ್ಟಿ ಹಿಡಿದು ಹಾದುಹೋದರು, ತುಟಿ ತಾನಾಗಿಯೇ ಅಗಲವಾಯಿತು. ಆ ಅಂಗಡಿಯ ನಿಯಮವೇ ಹಾಗೆ. ಕೌಂಟರಿನ ಮುಂದೆ ಯಾರೇ ಹಾದುಹೋಗಲಿ, ಕೊಳ್ಳಲಿ ಬಿಡಲಿ, ಮುಖ ನೋಡಿ ನಗಬೇಕು. ಕ್ರೀಮು, ಪೌಡರು, ಲಿಪ್‌ಸ್ಟಿಕ್ಕುಗಳ ಆ ಕೌಂಟರಿನಲ್ಲಿ ಇಪ್ಪತ್ತು ವರ್ಷ ನಿಂತು ನಕ್ಕವಳನ್ನು ಈಗ ಕುರ್ಚಿಯಲ್ಲಿ ಕೂರಿಸಿ ನಗಬೇಡ ಎಂದರೆ ತುಟಿಗೆ ತಿಳಿಯುವುದು ಹೇಗೆ?

ಇವತ್ತು ಆ ಹುಡುಗಿಯ ಕಂಪನಿಯ ಹೊಸ ಫೌಂಡೇಶನ್ನಿನ ಡೆಮೊ. ಸುಕ್ಕು ಬಿದ್ದ ಮುಖಕ್ಕೆಂದೇ ಮಾಡಿದ್ದಂತೆ. ವ್ಯತ್ಯಾಸ ಎದ್ದು ಕಾಣಲೆಂದು ಅರ್ಧ ಮುಖಕ್ಕೆ ಮಾತ್ರ ಹಚ್ಚುತ್ತಾರೆ. ಬಲಗಡೆ ‘ಮುಂಚೆ’, ಎಡಗಡೆ ‘ಆಮೇಲೆ’. ಯಾರ ಮುಖಕ್ಕೆ ಎಂದು ಕೇಳಿದಾಗ ಮ್ಯಾನೇಜರ್ ಎಲ್ಲರೆದುರೇ, “ನಮ್ಮ ಅಕ್ಕ ಇದ್ದಾರಲ್ಲ, ಸುಕ್ಕಿಗೇನು ಬರ?” ಎಂದಿದ್ದ. ಎಲ್ಲರೂ ನಕ್ಕಿದ್ದರು. ತಾನೂ ನಕ್ಕೆನಲ್ಲ ಎಂದು ನೆನೆದರೆ ಅವಳಿಗೆ ಈಗಲೂ ಮೈಯೆಲ್ಲ ಉರಿಯುತ್ತಿತ್ತು.

ಆಗಲ್ಲ ಎನ್ನಬಹುದಿತ್ತು. ಆದರೆ ಅವಳನ್ನು ಕೌಂಟರಿನಿಂದ ತೆಗೆದು ಹಿಂದಿನ ಗೋಡೌನಿಗೆ ಹಾಕುವ ಮಾತು ಓಡಾಡುತ್ತಿತ್ತು. ಕಿಟಕಿಯಿಲ್ಲದ ಕೋಣೆ, ಡಬ್ಬಗಳ ರಾಶಿ, ಮಾತಾಡಿಸಲು ಒಂದು ನರಪಿಳ್ಳೆಯೂ ಇಲ್ಲ. “ಡೆಮೊ ಚೆನ್ನಾಗಿ ಆಗ್ಲಿ ಅಕ್ಕ, ನಿಮ್ಮ ಕೌಂಟರ್ ವಿಷಯ ಆಮೇಲೆ ನೋಡೋಣ,” ಎಂದು ಮ್ಯಾನೇಜರ್ ಆಸೆ ತೋರಿಸಿದ್ದ. ಹಾಗಾಗಿ ಹಲ್ಲು ಕಚ್ಚಿ ಕೂತಿದ್ದಳು.

ಕುರ್ಚಿಯ ಸುತ್ತ ಜನ ಸೇರಿದರು. ಹೆಂಡತಿಯ ಚೀಲ ಹೊತ್ತಿದ್ದ ಮುದುಕನೊಬ್ಬ ಕತ್ತು ಚಾಚಿ, “ಫೌಂಡೇಶನ್ ಅಂದ್ರೆ ಪಾಯ ಅಲ್ವೇನಮ್ಮಾ? ಮನೆ ಕಟ್ಟಿ ಮುಗಿದ್ಮೇಲೆ ಪಾಯ ಹಾಕ್ತಿದ್ದೀಯಲ್ಲ!” ಎಂದ.

“ಸುಮ್ನಿರಿ, ನಿಮ್ಮ ಮನೆ ಸೋರೋಕೆ ಶುರುವಾಗಿ ಎಷ್ಟು ಕಾಲ ಆಯ್ತು,” ಎಂದು ಹೆಂಡತಿ ತಿವಿದಳು.

ಜನ ಗೊಳ್ಳೆಂದರು. ಕೌಂಟರಕ್ಕನೂ ನಕ್ಕಳು, ಈ ಸಲ ನಿಜವಾಗಿಯೇ.

ಹುಡುಗಿ ಗೊಣಗುತ್ತ ಇನ್ನೊಂದು ಪದರ ಬಳಿದಳು. ಅದರ ಮೇಲೆ ಪೌಡರ್, ಪೌಡರಿನ ಮೇಲೆ ಮತ್ತೆ ಸ್ಪಂಜು. ಕನ್ನಡಿಯ ದೀಪ ಹಾಕಿದಾಗ ನೋಡಿದರೆ, ಬಳಿದದ್ದೆಲ್ಲ ಗೆರೆಗಳಿಗೆ ಇಳಿದು ಬಿಳಿ ಎಳೆಗಳಾಗಿ ಒಣಗಿತ್ತು. ಕಣ್ಣಿನ ಕೊನೆಯಲ್ಲಿ ಮೊದಲು ಕಾಣದಿದ್ದ ಗೆರೆಗಳೂ ಎದ್ದು ಕೂತಿದ್ದವು. ಆದರೂ ಬಾಯಿಪಾಠ ಒಪ್ಪಿಸಲೇಬೇಕಲ್ಲ. “ಹೇಳಿ, ಯಾವ ಕಡೆ ಚಿಕ್ಕವರಾಗಿ ಕಾಣ್ತಾರೆ?” ಎಂದು ಹುಡುಗಿ ಕೂಗಿದಳು.

ಮುದುಕನ ಹೆಂಡತಿ ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳದೆ ಬಲಗಡೆಗೆ, ಏನೂ ಹಚ್ಚದ ಕಡೆಗೆ, ಬೆರಳು ತೋರಿಸಿದಳು. ಹಿಂದೆ ಯಾರೋ ಕಿಸಕ್ಕೆಂದರು. ಮ್ಯಾನೇಜರ್ ಓಡಿ ಬಂದ.

“ನಾನೇನ್ ಮಾಡ್ಲಿ ಸರ್? ಇವ್ರು ನಗ್ತಾನೇ ಇದ್ದಾರೆ. ಮುಖಾನೇ ಹಾಗಿದೆ,” ಎಂದಳು ಹುಡುಗಿ.

ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ನೆಲವೆಂದರೆ ಕೌಂಟರಕ್ಕನ ಮುಖ.

“ಏನಕ್ಕಾ ಇದು? ಸ್ವಲ್ಪ ಹೊತ್ತು ನಗದೆ ಇರೋಕೆ ಆಗಲ್ವಾ ನಿಮಗೆ?” ಎಂದ ಮ್ಯಾನೇಜರ್.

“ಆಗಲ್ಲ.” ಅವಳು ಕುರ್ಚಿಯಿಂದ ಎದ್ದಳು. “ನಗು ಅಂದವರು ನೀವೇ. ಜ್ವರ ಬಂದ್ರೂ ನಗು, ಗಿರಾಕಿ ಬೈದ್ರೂ ನಗು. ನಮ್ಮಮ್ಮ ತೀರ್ಕೊಂಡು ವಾರ ಆಗಿರ್ಲಿಲ್ಲ, ‘ಮುಖ ಯಾಕೆ ಸಪ್ಪಗಿದೆ, ಗಿರಾಕಿ ಓಡಿಹೋಗ್ತಾರೆ’ ಅಂದ್ರಿ. ಅವತ್ತೂ ನಕ್ಕೆ. ಈ ಗೆರೆ ಎಲ್ಲಾ ನಮ್ಮಪ್ಪನ ಮನೆಯಿಂದ ತಂದಿದ್ದು ಅಂದ್ಕೊಂಡ್ರಾ? ನಿಮ್ಮ ಅಂಗಡೀಲಿ ಬಿದ್ದಿದ್ದು ಇವು! ಇವತ್ತು ಅದನ್ನೇ ತೋರಿಸಿ ವ್ಯಾಪಾರ ಮಾಡೋಕೆ ಹೊರಟಿದ್ದೀರಿ. ನಾಚಿಕೆ ಆಗಲ್ವಾ?”

ಮ್ಯಾನೇಜರ್ ಜನರ ಕಡೆ ಹಲ್ಲು ಬಿಟ್ಟು, ಅವಳಿಗೆ ಮಾತ್ರ ಕೇಳುವಂತೆ, “ಮುಖ ತೊಳ್ಕೊಂಡು ಗೋಡೌನಿಗೆ ನಡೀರಿ. ಈಗ್ಲೇ,” ಎಂದ.

“ತೊಳೆಯಲ್ಲ,” ಎಂದಳು ಅವಳು, ಎಲ್ಲರಿಗೂ ಕೇಳುವಂತೆ. “ಹೋಗೋದೂ ಇಲ್ಲ. ಕಳಿಸ್ಲೇಬೇಕು ಅಂದ್ರೆ ಇವರ ಮುಂದೆ ಕೈ ಹಿಡಿದು ಎಳ್ಕೊಂಡು ಹೋಗಿ.”

ಅವನ ಕೈ ಮೇಲೇಳಲಿಲ್ಲ. ಹುಡುಗಿ ತಲೆ ತಗ್ಗಿಸಿ ಸೀಸೆಗಳನ್ನು ಪೆಟ್ಟಿಗೆಗೆ ತುಂಬತೊಡಗಿದಳು. ಕೌಂಟರಕ್ಕ ಅದೇ ಅರ್ಧ ಮುಖದಲ್ಲಿ ಹೋಗಿ ತನ್ನ ಜಾಗದಲ್ಲಿ ನಿಂತಳು. ಕೌಂಟರಿನ ಗಾಜಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಳು.

ಜನ ಚದುರಿದರು. ಮುದುಕನ ಹೆಂಡತಿ ಮಾತ್ರ ಹಿಂದೆ ಮುಂದೆ ನೋಡುತ್ತ ಕೌಂಟರಿಗೆ ಬಂದಳು.

“ಕೈಗೆ ಹಚ್ಚೋ ಕ್ರೀಮ್ ಇದ್ಯಾ?”

“ಇದೆ. ಯಾವುದು ಕೊಡ್ಲಿ?” ಎಂದು ಕೌಂಟರಕ್ಕ ನಗದೆಯೇ ಕೇಳಿದಳು.

ಮುದುಕಿಯ ನೋಟ ಎಡಗೆನ್ನೆಗೆ ಹೋಯಿತು, ಬಲಗೆನ್ನೆಗೆ ಬಂತು, ಮತ್ತೆ ಎಡಕ್ಕೆ ಹೋಯಿತು. ಎಲ್ಲಿ ನಿಲ್ಲಬೇಕೆಂದು ತಿಳಿಯದೆ, ಕೊನೆಗೆ ನೇರವಾಗಿ ಕಣ್ಣಿಗೆ ಬಂದು ನಿಂತಿತು.