ಮರೆಯ ಹಿಂದಿನ ದಾಳ

ಗುರುವಾರ ಸಂಜೆಯಿಂದಲೇ ಲೋವೆಲ್‌ನ ದಿಗಿಲು ಶುರುವಾಗುತ್ತಿತ್ತು. ಭಾನುವಾರ ಮಧ್ಯಾಹ್ನ ಆಟದ ಗೆಳೆಯರು ಬರುತ್ತಾರೆ. ನೆಲಮಾಳಿಗೆಯ ಮೆಟ್ಟಿಲಿಳಿದು, ಕೋಟು ಬಿಚ್ಚಿ, ಮೇಜಿನ ಸುತ್ತ ಕೂತು, "ಹೂಂ, ಮುಂದೇನಾಯ್ತು?" ಅನ್ನುತ್ತಾರೆ. ಮುಂದೇನಾಯಿತೆಂದು ಅವನಿಗೇ ಗೊತ್ತಿಲ್ಲ. ಗೊತ್ತಾಗಬೇಕೆಂಬ ಆಸೆಯೂ ಉಳಿದಿರಲಿಲ್ಲ.

ಮೊದಲು ಹೀಗಿರಲಿಲ್ಲ. ಅಮೆರಿಕದ ಉತ್ತರದ ಊರು ಶೆಬಾಯ್ಗನ್ನಿನಲ್ಲಿ ಚಳಿಗಾಲ ಕಳೆಯುವುದೆಂದರೆ ಹುಡುಗಾಟವಲ್ಲ. ಕೆಲವರು ಹೆಪ್ಪುಗಟ್ಟಿದ ಸರೋವರ ಕೊರೆದು ಮೀನು ಹಿಡಿಯುತ್ತಾರೆ, ಕೆಲವರು ಕುಡಿಯುತ್ತಾರೆ, ಲೋವೆಲ್ ಕಥೆಯಾಟ ನಡೆಸುತ್ತಿದ್ದ. ರಾಕ್ಷಸರು, ಪಾಳುಕೋಟೆಗಳು, ತಲೆಕೆಟ್ಟ ರಾಜರು ಎಲ್ಲ ಅವನ ತಲೆಯಿಂದಲೇ ಬರಬೇಕು. ಆಡುವವರು ಒಬ್ಬೊಬ್ಬ ವೀರನ ಪಾತ್ರ ಹಿಡಿದು ತಾವೇನು ಮಾಡುತ್ತೇವೆಂದು ಹೇಳಬೇಕು. ಅದು ಫಲಿಸಿತೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸಬೇಕು; ಅಂಕಿ ದೊಡ್ಡದಾದಷ್ಟು ಏಟು ಜೋರು. ಶತ್ರುಗಳ ದಾಳವನ್ನು ಮಾತ್ರ ಆಟ ನಡೆಸುವವನು ಒಂದು ರಟ್ಟಿನ ಮರೆಯ ಹಿಂದೆ ಉರುಳಿಸುತ್ತಾನೆ. ಎಷ್ಟು ಬಿತ್ತೆಂದು ಅವನು ಹೇಳಿದ್ದೇ ಸರಿ. ಇಣುಕಿ ನೋಡುವುದು ಮರ್ಯಾದೆಯಲ್ಲ.

ಮರ್ಲ್ ಸತ್ತ ಮೇಲೆ ಆ ಉತ್ಸಾಹವೆಲ್ಲ ಇಂಗಿಹೋಯಿತು. ಮರ್ಲ್ ಬಾಲ್ಯದ ಗೆಳೆಯ, ಆಟದಲ್ಲಿ ಹಾಲ್ಗ್ರಿಮ್ ಎಂಬ ಕುಳ್ಳ ಯೋಧ. ಅವನನ್ನು ಮಣ್ಣು ಮಾಡಿದ ಮರುವಾರವೇ ಹೆಂಡತಿ ಆರ್ಡಿಸ್ ಬಂದು ಗಂಡನ ಕುರ್ಚಿಯಲ್ಲಿ ಕೂತು, "ಹಾಲ್ಗ್ರಿಮ್‌ನ ಇನ್ಮೇಲೆ ನಾನೇ ಆಡಿಸ್ತೀನಿ" ಎಂದಳು. ಅಂದಿನಿಂದ ಲೋವೆಲ್‌ಗೆ ದಾಳ ಮುಟ್ಟಲು ಭಯ. ಆ ಕುಳ್ಳ ಸತ್ತರೆ ಮರ್ಲ್‌ನನ್ನು ಇನ್ನೊಂದು ಸಲ ಕೊಂದಂತೆ. ಆರ್ಡಿಸ್ ಎದ್ದು ಹೋಗುತ್ತಾಳೆ, ಅವಳ ಹಿಂದೆ ಜೊತೆಗೆ ಆಡುವ ಅಂಚೆಯವ ಕ್ವೆಂಟಿನ್ ಹೋಗುತ್ತಾನೆ, ಆಮೇಲೆ ಈ ಮನೆಗೆ ಒಂದು ನರಪಿಳ್ಳೆಯೂ ಬರುವುದಿಲ್ಲ. ಹಾಗಾಗಿ ಅವನು ದಾಳ ಉರುಳಿಸುತ್ತಿದ್ದ, ನೋಡುತ್ತಿರಲಿಲ್ಲ. ಪ್ರತಿ ಸಲವೂ "ತಪ್ಪಿತು" ಅನ್ನುತ್ತಿದ್ದ. ಇಂಥ ಪುಕ್ಕಲುತನಕ್ಕೆ ಜನ ದಯೆ ಎಂದು ಹೆಸರಿಟ್ಟುಕೊಳ್ಳುತ್ತಾರೆ, ಅವನೂ ಇಟ್ಟುಕೊಂಡಿದ್ದ.

ಆ ಭಾನುವಾರ ಸೇತುವೆಯ ಮೇಲೆ ದೈತ್ಯನೊಬ್ಬ ಕೊಡಲಿ ಎತ್ತಿದ್ದ. ಮೈಯೆಲ್ಲ ದಣಿದ ಹಾಲ್ಗ್ರಿಮ್ ಒಬ್ಬನೇ ಎದುರು ನಿಂತಿದ್ದ. ಲೋವೆಲ್ ಮರೆಯ ಹಿಂದೆ ದಾಳ ಉರುಳಿಸಿ, "ತಪ್ಪಿತು. ಕಿವಿ ಪಕ್ಕದಲ್ಲೇ ಹೋಯ್ತು" ಎಂದ.

"ಮತ್ತೆ ಕಿವಿ ಪಕ್ಕಾನಾ?" ಕ್ವೆಂಟಿನ್ ಬಾಯಿಗೆ ಚೀಸ್ ಎಸೆದುಕೊಂಡ. "ಆ ಕಿವಿಗೇನು ವಿಮೆ ಮಾಡ್ಸಿದೀಯಾ ಮಾರಾಯ?"

ಆರ್ಡಿಸ್ ನಗಲಿಲ್ಲ. "ಲೋವೆಲ್, ಆ ರಟ್ಟು ತೆಗಿ. ಇದೇ ಏಟಿಗೆ ದಾಳ ಇನ್ನೊಂದ್ಸಲ ಎದುರಿಗೇ ಹಾಕು."

"ಯಾಕೆ ಈಗ?"

"ಮರ್ಲ್ ಇದ್ದಾಗ ಈ ಕುಳ್ಳ ವಾರವಾರ ಒದೆ ತಿಂತಿದ್ದ. ಊಟಕ್ಕೆ ಕೂತ್ರೆ ಅದನ್ನೇ ಹೇಳ್ಕೊಂಡು ನಗ್ತಿದ್ದ ಮರ್ಲ್. ನನ್ನ ಕೈಗೆ ಬಂದ್ಮೇಲೆ ಒಂದು ಗೀರೂ ಬಿದ್ದಿಲ್ಲ. ನಂಗೇನು ಕಣ್ಣಿಲ್ವಾ?"

"ಬೇಡ ಕಣೇ ಆರ್ಡಿಸ್."

"ಹಾಕು ಅಂದೆ."

ಲೋವೆಲ್ ರಟ್ಟು ಮಡಚಿದ. ಸಣ್ಣ ಅಂಕಿ ಬೀಳಲಿ, ಸಣ್ಣದು ಬೀಳಲಿ ಎಂದು ಮನಸ್ಸಿನಲ್ಲೇ ಅಂಗಲಾಚುತ್ತ ಎಸೆದ. ಇಪ್ಪತ್ತು ಮುಖದ ಆ ದಾಳ ಮೇಜಿನ ಮೇಲೆ ಉರುಳಿ, ಕಾಫಿ ಕಪ್ಪಿಗೆ ಬಡಿದು ನಿಂತಿತು. ಇಪ್ಪತ್ತು. ಅದಕ್ಕಿಂತ ದೊಡ್ಡ ಏಟಿಲ್ಲ. ಕುಳ್ಳ ಉಳಿಯುವಂತಿರಲಿಲ್ಲ.

ಆ ಮೇಜಿನ ಪದ್ಧತಿಯೊಂದಿತ್ತು. ವೀರ ಸತ್ತರೆ ಆಡುವವರು ಎದ್ದು ನಿಲ್ಲಬೇಕು, ಆಟ ನಡೆಸುವವನು ಆ ಸಾವನ್ನು ಕಣ್ಣಿಗೆ ಕಟ್ಟುವಂತೆ ಹೇಳಬೇಕು. ಆರ್ಡಿಸ್ ಎದ್ದಳು. ಕ್ವೆಂಟಿನ್ ಟೋಪಿ ತೆಗೆದು ಎದ್ದ. ಇಬ್ಬರೂ ಕಾದರು.

ಲೋವೆಲ್ ಬಾಯಿ ತೆರೆದ. ಸೇತುವೆಯಿಲ್ಲ, ದೈತ್ಯನಿಲ್ಲ, ಕೊಡಲಿಯಿಲ್ಲ. ತಲೆಯೊಳಗೆ ಕೈಹಾಕಿ ತಡಕಿದರೂ ಒಂದು ಮಾತು ಸಿಗಲಿಲ್ಲ. ಅವನಿಗೆ ನಿಜವಾಗಿ ಗಾಬರಿಯಾಯಿತು.

"ಹೇಳೋ. ನನ್ನ ಗಂಡನ ಕುಳ್ಳ ಹೇಗೆ ಸತ್ತ?"

"ಬರ್ತಿಲ್ಲ ಕಣೇ" ಎಂದ ಲೋವೆಲ್. "ಒಳಗೇನೂ ಇಲ್ಲ. ಮರ್ಲ್ ಹೋದಾಗ್ಲೇ ಎಲ್ಲ ಹೋಯ್ತು. ದಾಳ ನೋಡ್ತಾನೇ ಇರ್ಲಿಲ್ಲ ನಾನು. ಈ ಆಟ ಅಂದ್ರೆ ನಂಗೀಗ ಹೇಸಿಗೆ. ಹೇಳಿದ್ರೆ ನೀವೆಲ್ಲ ಎದ್ದು ಹೋಗ್ತೀರಾ ಅಂತ ಹೆದರಿ ಸುಮ್ನಿದ್ದೆ."

ಆರ್ಡಿಸ್ ನಿಧಾನವಾಗಿ ಕೂತಳು. "ನಂಗೆ ಈ ಆಟ ಯಾವತ್ತೂ ಹಿಡಿಸ್ಲಿಲ್ಲ" ಎಂದಳು. "ನಾನೂ ಬರ್ದೇ ಹೋದ್ರೆ ನೀನೊಬ್ಬನೇ ಇಲ್ಲಿ ಏನಾಗ್ಬಿಡ್ತೀಯೋ ಅಂತ ಹೆದರಿ ಬರ್ತಿದ್ದೆ."

"ನಾನು ನಿಮ್ಮಿಬ್ಬರಿಗೋಸ್ಕರ" ಎಂದ ಕ್ವೆಂಟಿನ್, ಟೋಪಿಯನ್ನು ಹಿಂಡುತ್ತ. ಅವನೂ ಕೂತ.

ಇನ್ನು ಆಡಬೇಕಾಗಿರಲಿಲ್ಲ. ಆಟವಿಲ್ಲದೆ ಭಾನುವಾರ ಒಬ್ಬರ ಮನೆಗೊಬ್ಬರು ಏನೆಂದು ಹೇಳಿಕೊಂಡು ಬರುವುದೆಂದು ಮೂವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕತ್ತಲಾಗುವ ಮೊದಲು ಯಾರಾದರೂ ಕೋಟಿಗೆ ಕೈಹಾಕಲೇಬೇಕಿತ್ತು. ಮೊದಲು ಯಾರು ಏಳುತ್ತಾರೋ ಎಂದು ಹೆದರುತ್ತ, ಒಬ್ಬರ ಮುಖ ಒಬ್ಬರು ನೋಡದೆ, ಮೂವರೂ ಕೂತೇ ಇದ್ದರು.